ಆರ್ಕ್ ಫ್ಲ್ಯಾಶ್ ಸುರಕ್ಷತೆ: ಮಂಗಳೂರು, ಉಡುಪಿಯ ಎಚ್‌ಟಿ ಸ್ಥಾವರಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಂಪಾಡಿಯ ಕಾರ್ಖಾನೆ, ಮಲ್ಪೆಯ ಐಸ್ ಪ್ಲಾಂಟ್, ಕಾರ್ಕಳದ ಗೇರುಬೀಜ ಫ್ಯಾಕ್ಟರಿ, ಮಣಿಪಾಲದ ಬಹುಮಹಡಿ ಕಟ್ಟಡ: ಮೆಸ್ಕಾಂನಿಂದ 11 ಕೆವಿ ಪಡೆಯುವ ಕಡೆಯಲ್ಲೆಲ್ಲ ಒಂದು ಎಚ್‌ಟಿ (ಹೈ ಟೆನ್ಷನ್, 11 ಕೆವಿ) ಪ್ಯಾನೆಲ್, ಒಂದು ಟ್ರಾನ್ಸ್‌ಫಾರ್ಮರ್, ಒಂದು ಎಲ್‌ಟಿ (ಲೋ ಟೆನ್ಷನ್, 433 ವೋಲ್ಟ್) ಪ್ಯಾನೆಲ್ ಇದ್ದೇ ಇರುತ್ತದೆ. ಅವುಗಳ ಮುಂದೆ ನಿಂತು ಕೆಲಸ ಮಾಡುವ ಎಲೆಕ್ಟ್ರಿಷಿಯನ್, ಸೂಪರ್‌ವೈಸರ್, ಗುತ್ತಿಗೆದಾರ ಮತ್ತು ಪವರ್‌ಮ್ಯಾನ್‌ಗಳಿಗಾಗಿ ಈ ಪುಟ.

ಆರ್ಕ್ ಫ್ಲ್ಯಾಶ್ ಎಂದರೆ ಶಾಕ್ ಹೊಡೆಯುವುದೇ?

ಅಲ್ಲ. ಶಾಕ್ ಹೊಡೆಯಬೇಕಾದರೆ ಕರೆಂಟ್ ಮೈಯೊಳಗೆ ಹರಿಯಬೇಕು. ಆರ್ಕ್ ಫ್ಲ್ಯಾಶ್‌ನಲ್ಲಿ ನೀವು ಯಾವುದನ್ನೂ ಮುಟ್ಟಬೇಕಾಗಿಲ್ಲ. ಎರಡು ಫೇಸ್‌ಗಳ ನಡುವೆ ಅಥವಾ ಫೇಸ್ ಮತ್ತು ಅರ್ತ್ ನಡುವೆ ಗಾಳಿಯೇ ವಾಹಕವಾಗಿ ಬೆಂಕಿಯ ಕಂಬ ಏಳುತ್ತದೆ. ಅದರ ನಡುಭಾಗದ ಉಷ್ಣತೆ ಸುಮಾರು 20,000 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಬಲ್ಲದು; ಸೂರ್ಯನ ಮೇಲ್ಮೈ 5,500 ಡಿಗ್ರಿಯ ಆಸುಪಾಸಿನಲ್ಲಿದೆ. ತಾಮ್ರದ ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಪಟ್ಟಿ) ಕರಗಿ ಆವಿಯಾಗುವಾಗ ಸುಮಾರು 67,000 ಪಟ್ಟು ಹಿಗ್ಗುತ್ತದೆ. ಪ್ಯಾನೆಲ್‌ನ ಬಾಗಿಲು ಕಿತ್ತು ಹಾರುವುದು ಈ ಒತ್ತಡದಿಂದ. ಕಾವು, ಒತ್ತಡ, ಕರಗಿದ ಲೋಹದ ಹನಿ, ಕಣ್ಣು ಕುಕ್ಕುವ ಬೆಳಕು, ಕಿವಿ ಒಡೆಯುವ ಸದ್ದು, ತಾಮ್ರದ ಹೊಗೆ ಎಲ್ಲವೂ ಒಂದೇ ಕ್ಷಣದಲ್ಲಿ ಬರುತ್ತವೆ.

ಶಾಕ್‌ಗಾಗಿ ಮಾಡಿಕೊಂಡ ತಯಾರಿ (ರಬ್ಬರ್ ಗ್ಲೌಸ್, ಮ್ಯಾಟ್) ಆರ್ಕ್‌ನ ಕಾವನ್ನು ತಡೆಯುವುದಿಲ್ಲ. ಇದೊಂದು ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು.

11 ಕೆವಿ ಬದಿಗೆ ಹೆದರಿದರೆ ಸಾಲದೇ? 433 ವೋಲ್ಟ್‌ಗೆ ಇಷ್ಟೆಲ್ಲ ಬೇಕೆ?

ಇಲ್ಲೇ ಹೆಚ್ಚಿನವರು ತಪ್ಪುವುದು. ಸಣ್ಣ ಮತ್ತು ನಡು ಗಾತ್ರದ ಸ್ಥಾವರಗಳಲ್ಲಿ ಅತಿ ಕೆಟ್ಟ ಜಾಗ ಬಹುತೇಕ ಎಲ್‌ಟಿ ಬದಿಯಲ್ಲಿರುತ್ತದೆ. ಟ್ರಾನ್ಸ್‌ಫಾರ್ಮರ್‌ನ ಎಲ್‌ಟಿ ಬುಶಿಂಗ್‌ನಿಂದ (ಕರೆಂಟ್ ಹೊರಬರುವ ತುದಿ) ಮುಖ್ಯ ಎಸಿಬಿಯ (ಏರ್ ಸರ್ಕ್ಯೂಟ್ ಬ್ರೇಕರ್) ಒಳಬರುವ ಟರ್ಮಿನಲ್‌ವರೆಗಿನ ಆ ಕೆಲವು ಅಡಿಗಳು ಅವು. ಅಲ್ಲಿ ಆರ್ಕ್ ಎದ್ದರೆ ಎಸಿಬಿ ಏನೂ ಮಾಡಲಾರದು, ದೋಷ ಅದರ ಹಿಂದೆ ಇದೆ. ಎಚ್‌ಟಿ ಬದಿಯ ರಿಲೇ (ದೋಷ ಕಂಡು ಬ್ರೇಕರ್‌ಗೆ ಟ್ರಿಪ್ ಕೊಡುವ ಸಾಧನ) ಅಥವಾ ಫ್ಯೂಸ್ ಕಡಿಯಬೇಕು. ಎಚ್‌ಟಿ ಬದಿಗೆ ಆ ಕರೆಂಟ್ ಕಾಣುವುದು ತೀರ ಸಣ್ಣದಾಗಿ, ಹಾಗಾಗಿ ಅದು ನಿಧಾನಿಸುತ್ತದೆ.

ಕ್ಯಾಲೊರಿ ಲೆಕ್ಕ ಎಂದರೇನು? ಒಂದು ಉದಾಹರಣೆ ಕೊಡಿ.

ಕೆಲಸಗಾರನ ಮುಖ, ಎದೆ ಇರುವ ದೂರದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ ಬೀಳುವ ಕಾವೇ ಇನ್ಸಿಡೆಂಟ್ ಎನರ್ಜಿ. 1.2 ಕ್ಯಾಲೊರಿ ಬಿದ್ದರೆ ಬರಿಮೈಯಲ್ಲಿ ಗುಳ್ಳೆ ಏಳುವ ಎರಡನೇ ದರ್ಜೆಯ ಸುಟ್ಟಗಾಯದ ಹೊಸ್ತಿಲು. ಕಾವು 1.2ಕ್ಕೆ ಇಳಿಯುವ ದೂರವನ್ನು ಆರ್ಕ್ ಫ್ಲ್ಯಾಶ್ ಗಡಿ ಎನ್ನುತ್ತಾರೆ.

ನಮ್ಮ ಕಡೆ ಬಹಳ ಕಾಣುವ 500 ಕೆವಿಎ, 11/0.433 ಕೆವಿ, 4.5% ಇಂಪೀಡೆನ್ಸ್‌ನ (ಒಳರೋಧ) ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಎಲ್‌ಟಿ ಪೂರ್ಣ ಲೋಡ್ ಕರೆಂಟ್ 667 ಆಂಪಿಯರ್. ಅದನ್ನು 0.045ರಿಂದ ಭಾಗಿಸಿದರೆ 14.8 ಕಿಲೋ ಆಂಪಿಯರ್: ಟರ್ಮಿನಲ್‌ಗಳನ್ನು ಬೋಲ್ಟ್ ಹಾಕಿ ಶಾರ್ಟ್ ಮಾಡಿದರೆ ಹರಿಯುವ ಗರಿಷ್ಠ. ಆದರೆ ಆರ್ಕ್‌ಗೆ ತನ್ನದೇ ರೋಧವಿದೆ. ಆರ್ಕ್ ಕಾವನ್ನು ಲೆಕ್ಕ ಹಾಕುವ ಅಮೆರಿಕದ ಮಾನದಂಡ ಐಇಇಇ 1584ರ 2002ರ ಸೂತ್ರದಂತೆ, ಮುಚ್ಚಿದ ಪ್ಯಾನೆಲ್‌ನಲ್ಲಿ, ಬಸ್‌ಬಾರ್‌ಗಳ ನಡುವೆ 25 ಮಿ.ಮೀ. ಅಂತರದಲ್ಲಿ ಆರ್ಕ್ ಕರೆಂಟ್ ಸುಮಾರು 8.5 ಕಿಲೋ ಆಂಪಿಯರ್‌ಗೆ ಇಳಿಯುತ್ತದೆ. 455 ಮಿ.ಮೀ. ದೂರದಲ್ಲಿ ಮುಖವಿದ್ದು, ಆರ್ಕ್ 0.2 ಸೆಕೆಂಡ್ ಉರಿದರೆ ಸುಮಾರು 5.6 ಕ್ಯಾಲೊರಿ.

ಕಾವು ಸಮಯಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಅದೇ ಪ್ಯಾನೆಲ್, ಅದೇ ಕರೆಂಟ್: 0.1 ಸೆಕೆಂಡ್‌ಗೆ 2.8, ಅರ್ಧ ಸೆಕೆಂಡ್‌ಗೆ 14, ಎರಡು ಸೆಕೆಂಡ್‌ಗೆ 56. ದೂರ ಇಮ್ಮಡಿಯಾಗಿ 910 ಮಿ.ಮೀ. ಆದರೆ ಕಾವು ಹೆಚ್ಚುಕಡಿಮೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ವೋಲ್ಟೇಜ್‌ಗಿಂತ ಸೆಕೆಂಡ್ ದೊಡ್ಡ ಶತ್ರು ಎಂದು ನಾವು ಹೇಳುತ್ತಲೇ ಇರುವುದು ಇದಕ್ಕೇ.

ಈಗ ಎಸಿಬಿಯ ಒಳಬರುವ ಟರ್ಮಿನಲ್‌ಗೆ ಬನ್ನಿ. ಎಲ್‌ಟಿಯ 8.5 ಕಿಲೋ ಆಂಪಿಯರ್ ಎಚ್‌ಟಿ ಬದಿಯಲ್ಲಿ ಬರೀ 333 ಆಂಪಿಯರ್. ಎಚ್‌ಟಿ ಇನ್‌ಸ್ಟಂಟೇನಿಯಸ್ (ತಡವಿಲ್ಲದೆ ಕಡಿಸುವ) ಸೆಟ್ಟಿಂಗನ್ನು ಟ್ರಾನ್ಸ್‌ಫಾರ್ಮರ್‌ನ ಇನ್‌ರಶ್ (ಆನ್ ಮಾಡಿದ ಕ್ಷಣದ ನೂಕು ಕರೆಂಟ್) ಮತ್ತು ಎಲ್‌ಟಿ ಶಾರ್ಟ್‌ನ ಸುಮಾರು 580 ಆಂಪಿಯರ್ ಎರಡಕ್ಕಿಂತಲೂ ಮೇಲಿಡುವುದು ವಾಡಿಕೆ. ಆದ್ದರಿಂದ 333ಕ್ಕೆ ಅದು ಅಲುಗುವುದಿಲ್ಲ, ಐಡಿಎಂಟಿ ರಿಲೇಯೇ (ಕರೆಂಟ್ ಹೆಚ್ಚಿದಷ್ಟೂ ಬೇಗ ಕಡಿಸುವುದು) ಗತಿ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) 50/1, ಪಿಕಪ್ (ರಿಲೇ ಎಚ್ಚೆತ್ತುಕೊಳ್ಳುವ ಕರೆಂಟ್) 30 ಆಂಪಿಯರ್, ನಾರ್ಮಲ್ ಇನ್‌ವರ್ಸ್ ಕರ್ವ್ ಎಂದಿಟ್ಟುಕೊಳ್ಳಿ. ಟೈಮ್ ಮಲ್ಟಿಪ್ಲೈಯರ್ 0.3 ಇದ್ದರೆ ರಿಲೇಗೆ 0.85 ಸೆಕೆಂಡ್, ಬ್ರೇಕರ್‌ಗೆ 0.06, ಒಟ್ಟು 0.91. ಕಾವು 25 ಕ್ಯಾಲೊರಿ, ಗಡಿ ಸುಮಾರು 2.9 ಮೀಟರ್. ಆ ಮಲ್ಟಿಪ್ಲೈಯರನ್ನೇ 0.1ಕ್ಕೆ ಇಳಿಸಿದರೆ ಒಟ್ಟು 0.34 ಸೆಕೆಂಡ್, 9.6 ಕ್ಯಾಲೊರಿ, ಗಡಿ 1.6 ಮೀಟರ್. ಒಂದು ರೂಪಾಯಿಯ ಸಾಮಾನು ಕೊಳ್ಳದೆ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. ಕೆಳಗಿನ ಎಸಿಬಿ ಜೊತೆ ಹೊಂದಾಣಿಕೆ ಕೆಡುವುದಿಲ್ಲವೇ ಎಂದು ನೋಡಿಯೇ ಇಳಿಸಬೇಕು, ಅದು ಬೇರೆ ಮಾತು.

ಇದು ವಿಷಯ ತಿಳಿಯಲು ಮಾಡಿದ ಲೆಕ್ಕ. ನಿಮ್ಮ ಸ್ಥಾವರಕ್ಕೆ 2018ರ ಆವೃತ್ತಿಯ ಸೂತ್ರದಲ್ಲೇ ಮಾಡಿಸಬೇಕು. ಅದು ಬಸ್‌ಬಾರ್ ನೇರ ನಿಂತಿದೆಯೇ, ಆಪರೇಟರ್ ಕಡೆಗೆ ಚಾಚಿದೆಯೇ, ಪೆಟ್ಟಿಗೆಯ ಗಾತ್ರವೆಷ್ಟು ಎಂಬುದನ್ನೆಲ್ಲ ಕೇಳುತ್ತದೆ. ಚಾಚಿದ ಬಸ್‌ಬಾರ್ ಇದ್ದರೆ ಬೆಂಕಿ ನೇರ ಎದೆಗೇ ನುಗ್ಗುತ್ತದೆ.

ಬ್ರೇಕರ್ ಇದೆಯಲ್ಲ, ಟ್ರಿಪ್ ಆಗುತ್ತದಲ್ಲ?

ಆಗುತ್ತದೆ, ಆದರೆ ಯಾವಾಗ ಎಂಬುದು ಪ್ರಶ್ನೆ. ಮೇಲಿನ ಉದಾಹರಣೆಯಲ್ಲೇ 800 ಆಂಪಿಯರ್ ಎಸಿಬಿ ಇದೆ, ಇನ್‌ಸ್ಟಂಟೇನಿಯಸ್ 10 ಪಟ್ಟು, ಅಂದರೆ 8 ಕಿಲೋ ಆಂಪಿಯರ್‌ಗೆ ಇದೆ ಎನ್ನಿ. ಎಸಿಬಿಯ ಆಚೆ ಬದಿಯ ಬಸ್‌ಬಾರ್‌ನಲ್ಲಿ 8.5ರ ಆರ್ಕ್ ಎದ್ದರೆ ತಟಕ್ಕನೆ ಕಡಿಯುತ್ತದೆ, ಎರಡು ಕ್ಯಾಲೊರಿಯೂ ಆಗುವುದಿಲ್ಲ. ಆದರೆ ಆರ್ಕ್ ಕರೆಂಟ್ ಸ್ಥಿರವಲ್ಲ. ಅದಕ್ಕೇ 2002ರ ವಿಧಾನದಲ್ಲಿ 85% ಕರೆಂಟ್‌ಗೂ ಇನ್ನೊಮ್ಮೆ ಲೆಕ್ಕ ಹಾಕಬೇಕಿತ್ತು. 85% ಎಂದರೆ 7.2 ಕಿಲೋ ಆಂಪಿಯರ್. ಈಗ ಇನ್‌ಸ್ಟಂಟೇನಿಯಸ್ ಸುಮ್ಮನಿರುತ್ತದೆ, ಶಾರ್ಟ್ ಟೈಮ್ (ಸ್ವಲ್ಪ ತಡದ ಟ್ರಿಪ್) ಆಫ್ ಮಾಡಿಟ್ಟಿದ್ದರೆ ಲಾಂಗ್ ಟೈಮ್ (ಓವರ್‌ಲೋಡ್ ಟ್ರಿಪ್) ಹಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಮನುಷ್ಯ ಅಷ್ಟರಲ್ಲಿ ಓಡಿಯಾನು ಎಂದು ಎರಡೇ ಸೆಕೆಂಡ್ ಲೆಕ್ಕ ಹಿಡಿದರೂ 47 ಕ್ಯಾಲೊರಿ. ಕರೆಂಟ್ ಕಡಿಮೆಯಾಯಿತು, ಗಾಯ ದೊಡ್ಡದಾಯಿತು.

ಶಾರ್ಟ್ ಟೈಮನ್ನು 5 ಅಥವಾ 6 ಪಟ್ಟಿಗೆ, 0.1 ಸೆಕೆಂಡ್‌ಗೆ ಇಟ್ಟರೆ ಈ ಬಲೆ ತಪ್ಪುತ್ತದೆ. "ಪದೇ ಪದೇ ಟ್ರಿಪ್ ಆಗ್ತದೆ ಮಾರಾಯ್ರೆ" ಎಂದು ಎಲ್ಲ ನಾಬ್‌ಗಳನ್ನೂ ಗರಿಷ್ಠಕ್ಕೆ ತಿರುಗಿಸಿ ಬಿಟ್ಟ ಎಸಿಬಿಗಳಿಗೆ ಇಲ್ಲಿ ಬರವಿಲ್ಲ. ಎಚ್‌ಜಿ ಫ್ಯೂಸ್‌ಗೆ (ಹಾರ್ನ್ ಗ್ಯಾಪ್ ಫ್ಯೂಸ್) ಒಂದರ ಬದಲು ಎರಡೆಳೆ ತಂತಿ ಕಟ್ಟುವುದೂ ಇದೇ ಜಾತಿಯ ತಪ್ಪು. ಇನ್ನು ಹತ್ತು ವರ್ಷ ಒಮ್ಮೆಯೂ ತಿರುಗಿಸದ, ಗ್ರೀಸ್ ಗಟ್ಟಿಯಾದ ಬ್ರೇಕರ್ ಲೆಕ್ಕದ ವೇಗದಲ್ಲಿ ತೆರೆಯುವುದಿಲ್ಲ. ವರ್ಷಕ್ಕೊಮ್ಮೆ ಮೆಕ್ಯಾನಿಸಂ ಸರ್ವಿಸ್, ಟ್ರಿಪ್ ಟೈಮಿಂಗ್ ಪರೀಕ್ಷೆ ಮಾಡಿಸಿ. ಟ್ರಿಪ್ ಕಾಯಿಲ್‌ಗೆ ಡಿಸಿ ಕೊಡುವ ಬ್ಯಾಟರಿ ಸತ್ತಿದ್ದರೆ ರಿಲೇ ಎಷ್ಟು ಜಾಣವಾಗಿದ್ದರೂ ಉಪಯೋಗವಿಲ್ಲ.

ಲೆಕ್ಕ ಮಾಡಿಸಲು ಏನೇನು ಮಾಹಿತಿ ಕೊಡಬೇಕು?

ಮೊದಲು ಸರಿಯಾದ ಸಿಂಗಲ್ ಲೈನ್ ಡಯಾಗ್ರಾಮ್. ಗೋಡೆಯಲ್ಲಿ ತೂಗುಹಾಕಿದ ಹಳೆಯದಲ್ಲ, ಈಗ ನಿಜಕ್ಕೂ ಇರುವುದು. ಟ್ರಾನ್ಸ್‌ಫಾರ್ಮರ್ ನೇಮ್ ಪ್ಲೇಟ್‌ನ ಇಂಪೀಡೆನ್ಸ್, ಕೇಬಲ್‌ಗಳ ಉದ್ದ ಮತ್ತು ಗಾತ್ರ, ಬ್ರೇಕರ್ ಮಾಡೆಲ್ ಮತ್ತು ಸೆಟ್ಟಿಂಗ್‌ಗಳ ಫೋಟೊ, ಸಿಟಿ ಅನುಪಾತ, 50 ಎಚ್‌ಪಿ ಮೇಲಿನ ಮೋಟಾರ್‌ಗಳ ಪಟ್ಟಿ, ಡಿಜಿ ಸೆಟ್ (ಡೀಸೆಲ್ ಜನರೇಟರ್) ಮತ್ತು ಸೋಲಾರ್ ವಿವರ ಬೇಕು. ಪೂರೈಕೆ ಬಿಂದುವಿನಲ್ಲಿ ಗರಿಷ್ಠ ಹಾಗೂ ಕನಿಷ್ಠ ಫಾಲ್ಟ್ ಲೆವೆಲ್ (ಶಾರ್ಟ್ ಆದರೆ ಹರಿಯಬಲ್ಲ ಕರೆಂಟ್) ಎಷ್ಟೆಂದು ಮೆಸ್ಕಾಂ ಕಚೇರಿಗೆ ಪತ್ರ ಬರೆದು ಲಿಖಿತವಾಗಿ ಪಡೆಯಿರಿ. ಗರಿಷ್ಠ ಮಾತ್ರ ಸಾಲದು, ಕಾರಣ ಮೇಲೆ ಹೇಳಿದೆ.

ಡಿಜಿ ಮೇಲೆ ಓಡುವಾಗಿನ ಲೆಕ್ಕ ಬೇರೆಯೇ ಆಗುತ್ತದೆ. ಜನರೇಟರ್ ಕೊಡುವ ಶಾರ್ಟ್ ಕರೆಂಟ್ ಕಡಿಮೆ, ಅದಕ್ಕೆ ಎಸಿಬಿ ನಿಧಾನ. ಎರಡೂ ಸ್ಥಿತಿಗೆ ಮಾಡಿಸಿ, ಕೆಟ್ಟದ್ದನ್ನು ಲೇಬಲ್‌ಗೆ ಹಾಕಿ.

ಎಷ್ಟು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು?

ವಿದ್ಯುತ್ ಕೆಲಸದ ಸುರಕ್ಷತೆಯ ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 70ಇ ಹೇಳುವಂತೆ 5 ವರ್ಷ ಮೀರದಂತೆ ಮರುಪರಿಶೀಲನೆ. ಟ್ರಾನ್ಸ್‌ಫಾರ್ಮರ್ ಬದಲಾದರೆ, ರಿಲೇ ಸೆಟ್ಟಿಂಗ್ ಬದಲಾದರೆ, ನಿಮ್ಮ ಫೀಡರ್ ಬೇರೆ ಸಬ್‌ಸ್ಟೇಷನ್‌ಗೆ ಹೋದರೆ ಕೂಡಲೇ.

ಕಾನೂನು ಏನು ಹೇಳುತ್ತದೆ? ಐಇಇಇ, ಎನ್‌ಎಫ್‌ಪಿಎ ಅಮೆರಿಕದವಲ್ಲವೇ?

ಹೌದು, ಅವು ಅಲ್ಲಿಯವು. ನಮಗೆ ಅನ್ವಯಿಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆ ಮತ್ತು ಅದರಡಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು. 2010ರ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದಿವೆ. ಹಳೆಯ ಪ್ರತಿ ಇಟ್ಟುಕೊಂಡು ವಾದಿಸಬೇಡಿ. ಕೆಲಸಕ್ಕೆ ಮುಂಚೆ ಅರ್ತ್ ಮಾಡಿ ಡಿಸ್ಚಾರ್ಜ್ ಮಾಡುವುದು, ಕೆಲಸಗಾರನಿಗೆ ರಕ್ಷಣಾ ಸಲಕರಣೆ ಕೊಟ್ಟು ಸುಸ್ಥಿತಿಯಲ್ಲಿಡುವುದು, ಅಧಿಕೃತಗೊಳಿಸಿದವರು ಮಾತ್ರ ಕೆಲಸ ಮಾಡುವುದು ಮಾಲೀಕನ ಹೊಣೆ. ಸ್ವಿಚ್‌ಬೋರ್ಡ್ ಮುಂದೆ ಕನಿಷ್ಠ 1 ಮೀಟರ್ ಖಾಲಿ ಜಾಗ ಇರಬೇಕು. ಹಿಂದೆ 20 ಸೆಂ.ಮೀ.ಗಿಂತ ಕಡಿಮೆ ಅಥವಾ 75 ಸೆಂ.ಮೀ.ಗಿಂತ ಹೆಚ್ಚು. ನಡುವಿನ ಅಳತೆ ಯಾಕೆ ಬೇಡ ಎಂದರೆ, ಮನುಷ್ಯ ಕಷ್ಟಪಟ್ಟು ತೂರಬಲ್ಲ, ಆದರೆ ಹೊರಗೆ ಓಡಲಾರ.

ನಿಯಮ "ರಕ್ಷಿಸಬೇಕು" ಎನ್ನುತ್ತದೆ, ಎಷ್ಟು ಕಾವಿನಿಂದ ಎಂಬುದನ್ನು ಲೆಕ್ಕ ಹಾಕಲು ಐಇಇಇ 1584, ಬಟ್ಟೆ ಆರಿಸಲು ಎನ್‌ಎಫ್‌ಪಿಎ 70ಇ ಅಥವಾ ಅಂತರರಾಷ್ಟ್ರೀಯ ಮಾನದಂಡ ಐಇಸಿ 61482 ಬಳಸುತ್ತಾರೆ. 1584ರ ವ್ಯಾಪ್ತಿ 208 ವೋಲ್ಟ್‌ನಿಂದ 15 ಕೆವಿವರೆಗಿನ ಮೂರು ಫೇಸ್‌ಗೆ ಮಾತ್ರ. 33 ಮತ್ತು 110 ಕೆವಿ ಯಾರ್ಡ್‌ಗೆ ಅದನ್ನು ಎಳೆದು ಹಚ್ಚಬೇಡಿ.

ನಮ್ಮ ಕರಾವಳಿಯಲ್ಲಿ ಪ್ಯಾನೆಲ್‌ಗಳು ಇಷ್ಟೊಂದು "ಹೊಡೆಯುವುದು" ಯಾಕೆ?

ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ, ಕಡಲ ಗಾಳಿಯ ಉಪ್ಪು, ಇಡೀ ವರ್ಷದ ತೇವ. ಅಪಾಯ ಜುಲೈಯಲ್ಲಿ ಮಾತ್ರ ಎಂದುಕೊಳ್ಳಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇನ್ಸುಲೇಟರ್ ಮೇಲೆ ಉಪ್ಪು, ಧೂಳು ಸುಮ್ಮನೆ ಕೂರುತ್ತದೆ. ಮೊದಲ ನಾಲ್ಕು ಹನಿ ಬಿದ್ದಾಗ ಅದು ತೊಳೆದುಹೋಗುವುದಿಲ್ಲ, ನೆನೆದು ವಾಹಕವಾಗುತ್ತದೆ. ಫ್ಲ್ಯಾಶ್ ಓವರ್ ಆಗುವುದು ಆಗ. ಜೋರು ಮಳೆ ಹಿಡಿದ ಮೇಲೆ ಹೊರಗಿನ ಇನ್ಸುಲೇಟರ್ ತಾನೇ ತೊಳೆದುಕೊಳ್ಳುತ್ತದೆ. ಒಳಗಿನದಕ್ಕೆ ಆ ಭಾಗ್ಯವಿಲ್ಲ. ಸಮುದ್ರದ ಹತ್ತಿರದವರು 11 ಕೆವಿ ಇನ್ಸುಲೇಟರ್ ಕೊಳ್ಳುವಾಗ ಪ್ರತಿ ಕೆವಿಗೆ 31 ಮಿ.ಮೀ. ಕ್ರೀಪೇಜ್ (ಇನ್ಸುಲೇಟರ್‌ನ ಮೇಲ್ಮೈ ಹಿಡಿದು ಅಳೆದ ದೂರ) ಕೇಳಿ: 11 ಕೆವಿ ವ್ಯವಸ್ಥೆಯ ಗರಿಷ್ಠವಾದ 12 ಕೆವಿಗೆ 372 ಮಿ.ಮೀ. ಸಾಮಾನ್ಯವಾಗಿ ಸಿಗುವ 300 ಮಿ.ಮೀ.ನದು ಮಲ್ಪೆ, ಪಣಂಬೂರಿಗೆ ಕಡಿಮೆ.

ಒಳಗಿನ ಕಥೆ ಹೀಗೆ. ಭಾನುವಾರ ಲೋಡ್ ಇಲ್ಲದೆ ಪ್ಯಾನೆಲ್ ತಣ್ಣಗಾಗುತ್ತದೆ, ರಾತ್ರಿ ಬಸ್‌ಬಾರ್ ಮೇಲೆ ಮಂಜು ಹನಿ ಕಟ್ಟುತ್ತದೆ, ಸೋಮವಾರ ಬೆಳಿಗ್ಗೆ ಚಾರ್ಜ್ ಮಾಡುತ್ತೀರಿ. ಸ್ಪೇಸ್ ಹೀಟರ್ ಇರುವುದು ಇದನ್ನು ತಡೆಯಲು. ಅದರ ಸಪ್ಲೈ ಅದೇ ಪ್ಯಾನೆಲ್‌ನಿಂದ ತೆಗೆದಿದ್ದರೆ ಪ್ಯಾನೆಲ್ ಆಫ್ ಆದಾಗ ಹೀಟರೂ ಆಫ್, ಬೇಕಾದ ಹೊತ್ತಿಗೇ ಇಲ್ಲ. ಬೇರೆ ಸರ್ಕ್ಯೂಟ್‌ನಿಂದ ಕೊಡಿ, ಹೊರಗೆ ಒಂದು ಅಮ್ಮೀಟರ್ ಅಥವಾ ದೀಪ ಹಾಕಿ. ದೀರ್ಘ ಶಟ್‌ಡೌನ್ ನಂತರ ಹೀಟರ್ ಒಂದು ದಿನ ಓಡಿಸಿ, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ನೋಡಿ ಚಾರ್ಜ್ ಮಾಡಿ: 11 ಕೆವಿಗೆ 5 ಕೆವಿ ಮೆಗ್ಗರ್, ಎಲ್‌ಟಿಗೆ 500 ಅಥವಾ 1,000 ವೋಲ್ಟ್.

ಹಲ್ಲಿ, ಇಲಿ, ಕೇರೆಹಾವು ಬೆಚ್ಚಗಿನ ಜಾಗ ಹುಡುಕಿ ಕೇಬಲ್ ತೂತಿನಿಂದ ಬರುತ್ತವೆ. ಗ್ಲ್ಯಾಂಡ್ ಇಲ್ಲದ ಪ್ರತಿ ತೂತನ್ನೂ ಮುಚ್ಚಿ. ಪುಡಿಪುಡಿಯಾಗುವ ಥರ್ಮೋಕೋಲ್ ಅಲ್ಲ, ಫೈರ್ ಸೀಲಂಟ್. ಅಲ್ಯುಮಿನಿಯಂ ಲಗ್ ತಾಮ್ರದ ಬಾರ್‌ಗೆ ನೇರ ಕೂತಿದ್ದರೆ ಉಪ್ಪುಗಾಳಿಯಲ್ಲಿ ಆ ಜೋಡಣೆ ಬೇಗ ತಿನ್ನಿಹೋಗುತ್ತದೆ. ಬೈಮೆಟಾಲಿಕ್ ಲಗ್ ಅಥವಾ ವಾಷರ್ ಹಾಕಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಗೊಳಿಸಿ, ಬೋಲ್ಟ್ ಮೇಲೆ ಗೆರೆ ಎಳೆಯಿರಿ. ಎಚ್‌ಟಿ ಕೇಬಲ್ ಬಾಕ್ಸ್‌ನಿಂದ ಬುಸ್ ಎನ್ನುವ ಸದ್ದು, ಓಝೋನ್ ವಾಸನೆ, ಟರ್ಮಿನೇಷನ್ ಮೇಲೆ ಬಿಳಿ ಪುಡಿ ಕಂಡರೆ ಅದು ಒಡೆಯುವ ಮುನ್ಸೂಚನೆ. ಬಾಗಿಲು ತೆರೆದು ಟಾರ್ಚ್ ಹಾಕಿ ನೋಡಲು ಹೋಗಬೇಡಿ, ಮೊದಲು ಆಫ್ ಮಾಡಿಸಿ.

ಛಾವಣಿ ಸೋರುತ್ತದೆಂದು ಪ್ಯಾನೆಲ್ ಮೇಲೆ ಟಾರ್ಪಾಲು ಹಾಕಿದ್ದೇವೆ. ತಪ್ಪೇ?

ದೊಡ್ಡ ತಪ್ಪು. ಎಚ್‌ಟಿ ಪ್ಯಾನೆಲ್‌ನ ಮೇಲ್ಭಾಗದ ಫ್ಲ್ಯಾಪ್‌ಗಳು ಒಳಗಿನ ಸ್ಫೋಟದ ಒತ್ತಡ ಹೊರಹೋಗುವ ದಾರಿ. ಅಲ್ಲಿ ಟಾರ್ಪಾಲು, ಹಳೆಯ ಫ್ಲೆಕ್ಸ್ ಬ್ಯಾನರ್, ರಟ್ಟಿನ ಪೆಟ್ಟಿಗೆ ಇಟ್ಟರೆ ಒತ್ತಡ ಬಾಗಿಲಿನಿಂದ ನಿಮ್ಮ ಕಡೆಗೆ ಬರುತ್ತದೆ. ಛಾವಣಿ ರಿಪೇರಿ ಮಾಡಿಸಿ.

ಹಾಗೇ, ನೇಮ್ ಪ್ಲೇಟ್‌ನಲ್ಲಿ "ಐಎಸಿ ಎಎಫ್‌ಎಲ್‌ಆರ್" ಎಂದಿದ್ದರೆ ಮುಂದೆ, ಪಕ್ಕ, ಹಿಂದೆ ಮೂರೂ ಕಡೆ ಒಳ ಆರ್ಕ್ ಪರೀಕ್ಷೆ ಪಾಸಾಗಿದೆ ಎಂದರ್ಥ. ಪಕ್ಕದಲ್ಲಿ ಬರೆದ ಕಿಲೋ ಆಂಪಿಯರ್ ಮತ್ತು ಸೆಕೆಂಡ್ ನಿಮ್ಮ ಫಾಲ್ಟ್ ಲೆವೆಲ್‌ಗೆ ಸಾಕೇ ನೋಡಿ. ಆ ಪರೀಕ್ಷೆಯನ್ನು ಮಾಡುವುದು ಎಲ್ಲ ಬಾಗಿಲು ಮುಚ್ಚಿ, ಬೋಲ್ಟ್ ಬಿಗಿದು, 30 ಸೆಂ.ಮೀ. ದೂರದಲ್ಲಿ ಹತ್ತಿ ಬಟ್ಟೆ ಇಟ್ಟು. ನೀವು ಬಾಗಿಲು ತೆರೆದ ಕ್ಷಣ ಆ ಪ್ರಮಾಣಪತ್ರ ಬರೀ ಕಾಗದ.

ಲೈನ್ ಕ್ಲಿಯರ್ ತೆಗೆದುಕೊಂಡರೆ ಸಾಕಲ್ಲ?

ಎಲ್‌ಸಿ (ಲೈನ್ ಕ್ಲಿಯರ್) ಎಂಬುದು ಆಫ್ ಮಾಡಿದ್ದೇವೆ ಎಂಬ ಮಾತು. ಆಫ್ ಆಗಿದೆ ಎಂಬುದನ್ನು ನೀವೇ ಕಂಡುಕೊಳ್ಳಬೇಕು. ಕ್ರಮ ಹೀಗೆ:

1. ಯಾವ ಯಾವ ಕಡೆಯಿಂದ ಕರೆಂಟ್ ಬರಬಹುದೆಂದು ಡಯಾಗ್ರಾಮ್‌ನಲ್ಲಿ ಗುರುತಿಸಿ: 11 ಕೆವಿ, ಡಿಜಿ, ರೂಫ್‌ಟಾಪ್ ಸೋಲಾರ್, ಯುಪಿಎಸ್, ಕಂಟ್ರೋಲ್ ಸಪ್ಲೈ.
2. ಲೋಡ್ ಇಳಿಸಿ, ಎಲ್‌ಟಿ ಎಸಿಬಿ ಆಫ್, ಆಮೇಲೆ ಎಚ್‌ಟಿ ವಿಸಿಬಿ (ವ್ಯಾಕ್ಯೂಮ್ ಬ್ರೇಕರ್) ಆಫ್.
3. ವಿಸಿಬಿಯನ್ನು ರ‍್ಯಾಕ್ ಔಟ್ ಮಾಡಿ (ಅದರ ಜಾಗದಿಂದ ಹೊರಗೆಳೆದು) ಅಥವಾ ಐಸೊಲೇಟರ್ ತೆರೆದು, ಮೂರೂ ಬ್ಲೇಡ್ ಬಿಟ್ಟಿವೆಯೇ ಕಣ್ಣಾರೆ ನೋಡಿ.
4. ಬೀಗ ಹಾಕಿ, ಹೆಸರು ಬರೆದ ಟ್ಯಾಗ್ ತೂಗಿಸಿ. ಕೀಲಿ ಕೆಲಸ ಮಾಡುವವನ ಕಿಸೆಯಲ್ಲಿರಲಿ, ಮ್ಯಾನೇಜರ್ ಮೇಜಿನ ಮೇಲಲ್ಲ. ಮೂವರು ಕೆಲಸ ಮಾಡಿದರೆ ಮೂರು ಬೀಗ.
5. ಡಿಟೆಕ್ಟರನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿ, ಬಳಿಕ ಕೆಲಸದ ಜಾಗದಲ್ಲಿ ಮೂರೂ ಫೇಸ್, ಮತ್ತೆ ಕರೆಂಟ್ ಇರುವ ಕಡೆ. ನಡುವೆ ಡಿಟೆಕ್ಟರ್‌ನ ಬ್ಯಾಟರಿ ಸತ್ತಿದ್ದರೆ ಈ ಮೂರನೆಯ ಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ.
6. ಅರ್ತಿಂಗ್ ರಾಡ್‌ನ ಅರ್ತ್ ಕ್ಲ್ಯಾಂಪ್ ಮೊದಲು, ಲೈನ್ ಕೊಕ್ಕೆ ಆಮೇಲೆ. ತೆಗೆಯುವಾಗ ತಿರುವುಮುರುವು. ಕೆಪಾಸಿಟರ್ ಬ್ಯಾಂಕ್ ಇದ್ದರೆ ಆಫ್ ಮಾಡಿ ಕನಿಷ್ಠ 5 ನಿಮಿಷ ಕಾದು, ಬಳಿಕ ಶಾರ್ಟ್ ಮಾಡಿ ಅರ್ತ್ ಮಾಡಿ.

ಆರನೇ ಹೆಜ್ಜೆ ಮುಗಿಯುವವರೆಗೆ ಆ ಪ್ಯಾನೆಲ್ "ಕರೆಂಟ್ ಇದೆ" ಎಂದೇ ಲೆಕ್ಕ, ಆರ್ಕ್ ಬಟ್ಟೆ ಮೈಮೇಲಿರಲೇಬೇಕು. ಎಲ್‌ಸಿ ಪಡೆದವನೇ ಹಿಂದಿರುಗಿಸಬೇಕು. "ನಾಲ್ಕು ಗಂಟೆಗೆ ಹಾಕಿಬಿಡಿ" ಎಂಬ ಗಡಿಯಾರದ ಎಲ್‌ಸಿ ಎಂದಿಗೂ ಬೇಡ.

ಅತಿ ಅಪಾಯದ ಕೆಲಸ ಯಾವುದು?

ಬಸ್ ಚಾರ್ಜ್ ಇರುವಾಗ ಬ್ರೇಕರನ್ನು ರ‍್ಯಾಕ್ ಇನ್ ಅಥವಾ ಔಟ್ ಮಾಡುವುದು. ಬೆರಳುಗಳು ಬಾಗಿರಬಹುದು, ಶಟರ್ ಸಿಕ್ಕಿಕೊಂಡಿರಬಹುದು, ಇಂಟರ್‌ಲಾಕ್ ಕೆಟ್ಟು ಬ್ರೇಕರ್ ಆನ್ ಇರುವಾಗಲೇ ಹೊರಬರಬಹುದು. ಬಾಗಿಲು ಮುಚ್ಚಿಯೇ ರ‍್ಯಾಕ್ ಮಾಡುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಹ್ಯಾಂಡಲ್ ಬಿಗಿಯಾಯಿತೆಂದರೆ ಬಲ ಹಾಕಬೇಡಿ, ನಿಲ್ಲಿಸಿ, ಮೇಲಿನಿಂದ ಆಫ್ ಮಾಡಿಸಿ. ಆನ್, ಆಫ್ ಒತ್ತುವುದಕ್ಕೆ 10 ಮೀಟರ್ ಕೇಬಲ್‌ನ ಪೆಂಡೆಂಟ್ ಸ್ವಿಚ್ ಹೊರಗಿಟ್ಟರೆ ಮನುಷ್ಯ ಗಡಿಯ ಆಚೆ ನಿಲ್ಲುತ್ತಾನೆ. ಅದಿಲ್ಲದಿದ್ದರೆ ಪ್ಯಾನೆಲ್‌ಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ಸರಿದು, ಮುಖ ಆಚೆ ತಿರುಗಿಸಿ ಒತ್ತಿ.

ಎರಡನೆಯದು ಮಲ್ಟಿಮೀಟರ್. ಆಂಪಿಯರ್ ತೂತಿನಲ್ಲಿ ಪಿನ್ ಇಟ್ಟುಕೊಂಡು ಎರಡು ಫೇಸ್ ಮುಟ್ಟಿದರೆ ಮೀಟರೇ ಆರ್ಕ್‌ನ ಬತ್ತಿ. ಇನ್‌ಕಮರ್‌ನಲ್ಲಿ (ಕರೆಂಟ್ ಒಳಬರುವ ಕಡೆ) ಕ್ಯಾಟ್ 4, 600 ವೋಲ್ಟ್ ಎಂದು ನಮೂದಿಸಿದ ಮೀಟರ್, ಫ್ಯೂಸ್ ಇರುವ ಪ್ರೋಬ್ ಬಳಸಿ. ಸಂತೆಯ 300 ರೂಪಾಯಿಯದು ಮನೆಯ ಮಿಕ್ಸಿಗೆ ಇರಲಿ.

ಜಿಒಎಸ್ (ಮೂರೂ ಫೇಸ್ ಒಟ್ಟಿಗೆ ಬಿಡಿಸುವ ಗ್ಯಾಂಗ್ ಆಪರೇಟೆಡ್ ಸ್ವಿಚ್) ಎಳೆಯುವಾಗ ಕಿಡಿ ಬರುವುದು ಸಹಜವೇ?

ಟ್ರಾನ್ಸ್‌ಫಾರ್ಮರ್‌ನ ಖಾಲಿ ಕರೆಂಟ್‌ನ ಸಣ್ಣ ಕಿಡಿ ಸಹಜ. ಲೋಡ್ ಮೇಲೆ ಎಳೆದರೆ ಬರುವ ಉದ್ದದ ಜ್ವಾಲೆ ಸಹಜವಲ್ಲ, ಜಿಒಎಸ್ ಅದಕ್ಕಾಗಿ ಮಾಡಿದ್ದೇ ಅಲ್ಲ. ಎಲ್‌ಟಿ ಮೊದಲು ಆಫ್ ಮಾಡಿ. ಹಿಡಿಕೆ ಅರ್ತ್ ಆಗಿರಬೇಕು. ಎಳೆದ ಮೇಲೆ ತಲೆಯೆತ್ತಿ ನೋಡಿ: ತುಕ್ಕು ಹಿಡಿದ ನಮ್ಮೂರ ಜಿಒಎಸ್‌ಗಳಲ್ಲಿ ಎರಡು ಬ್ಲೇಡ್ ತೆರೆದು ಮೂರನೆಯದು ಅಂಟಿಕೊಂಡೇ ಇರುವುದು ಅಪರೂಪವಲ್ಲ.

ಯಾವ ಬಟ್ಟೆ ಕೊಳ್ಳಬೇಕು?

ಲೆಕ್ಕ ಬಂದ ಮೇಲೆ ಕೊಳ್ಳಿ. ಎನ್‌ಎಫ್‌ಪಿಎ 70ಇಯ ನಾಲ್ಕು ವರ್ಗಗಳಿಗೆ ಕನಿಷ್ಠ ರೇಟಿಂಗ್ 4, 8, 25 ಮತ್ತು 40 ಕ್ಯಾಲೊರಿ. ನಿತ್ಯದ ಕೆಲಸಕ್ಕೆ 8 ಕ್ಯಾಲೊರಿಯ ಶರ್ಟ್, ಪ್ಯಾಂಟ್, ಅದೇ ರೇಟಿಂಗ್‌ನ ಫೇಸ್ ಶೀಲ್ಡ್, ಒಳಗೆ ಬಾಲಕ್ಲಾವ (ತಲೆ, ಕುತ್ತಿಗೆ ಮುಚ್ಚುವ ಮುಸುಕು). ಶೀಲ್ಡ್ ಮಾತ್ರ ಹಾಕಿ ಕುತ್ತಿಗೆ, ಕಿವಿ ಬರಿದಾಗಿ ಬಿಟ್ಟರೆ ಬೆಂಕಿ ಹಿಂದಿನಿಂದ ಸುತ್ತಿ ಬರುತ್ತದೆ. ಎಟಿಪಿವಿ ಎಂದು ಬರೆದ ಸಂಖ್ಯೆ ಎಂದರೆ ಅಷ್ಟು ಕಾವಿಗೆ ಗುಳ್ಳೆ ಏಳುವ ಸಾಧ್ಯತೆ 50% ಎಂದು. ಆದ್ದರಿಂದ 9.6 ಕ್ಯಾಲೊರಿಯ ಜಾಗಕ್ಕೆ 10ರ ಬಟ್ಟೆಯಲ್ಲ, 12 ಅಥವಾ ಮೇಲಿನದು.

40ರ ಸೂಟ್ ಇದೆಯಲ್ಲ ಎಂದು ಎಲ್ಲದಕ್ಕೂ ಅದನ್ನೇ ಹಾಕಿಸುವುದೂ ಜಾಣತನವಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಹುಡ್ ಒಳಗೆ ಬೆವರಿ, ಗಾಜು ಮಂಜಾಗಿ, ಕೈ ತಪ್ಪುತ್ತದೆ. 40 ಮೀರಿದ ಜಾಗದಲ್ಲಿ ಬಟ್ಟೆ ಹುಡುಕಬೇಡಿ, ಆಫ್ ಮಾಡಿ ಅಥವಾ ಸೆಟ್ಟಿಂಗ್ ಇಳಿಸಿ.

ಮಳೆಗಾಲದಲ್ಲಿ ರೈನ್‌ಕೋಟ್ ಹಾಕಬಹುದೇ?

ಸಾಮಾನ್ಯ ಪಿವಿಸಿ, ನೈಲಾನ್ ರೈನ್‌ಕೋಟ್ ಬೇಡವೇ ಬೇಡ. ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಕೆಳಗಿನ ದುಬಾರಿ ಬಟ್ಟೆ ವ್ಯರ್ಥ. ಪಾಲಿಯೆಸ್ಟರ್ ರಿಫ್ಲೆಕ್ಟಿವ್ ಜಾಕೆಟ್, ಪಾಲಿಯೆಸ್ಟರ್ ಬನಿಯನ್ನಿಗೂ ಇದೇ ಮಾತು. ಆರ್ಕ್ ರೇಟಿಂಗ್ ಇರುವ ರೈನ್‌ಕೋಟ್ ಸಿಗುತ್ತದೆ. ಒಳಗೆ ಅಪ್ಪಟ ಹತ್ತಿ. ಉಂಗುರ, ಸರ, ಬೆಳ್ಳಿಯ ಉಡಿದಾರ, ತಾಯಿತ ಬಿಚ್ಚಿಡಿ.

ಒಗೆಯುವುದು ಹೇಗೆ?

ಸಾದಾ ಡಿಟರ್ಜೆಂಟ್. ಬ್ಲೀಚ್, ಸಾಫ್ಟ್‌ನರ್, ಗಂಜಿ ಹಾಕಬಾರದು. ಎಣ್ಣೆ, ಗ್ರೀಸ್ ಕಲೆ ಹೋಗದಿದ್ದರೆ ಆ ಬಟ್ಟೆ ಬಿಸಾಡಿ, ಕಲೆಯೇ ಹತ್ತಿ ಉರಿಯುತ್ತದೆ. ಹರಿದರೆ ಸಾಮಾನ್ಯ ನೂಲಿನಲ್ಲಿ ಹೊಲಿಸಬೇಡಿ.

ಗ್ಲೌಸ್ ಮತ್ತು ಮ್ಯಾಟ್?

ಅವು ಶಾಕ್‌ಗೆ, ಆದರೂ ಬೇಕೇ ಬೇಕು. ಗ್ಲೌಸ್ ಕ್ಲಾಸ್ 0 ಎಂದರೆ 1,000 ವೋಲ್ಟ್, ಕ್ಲಾಸ್ 2 ಎಂದರೆ 17,000: 11 ಕೆವಿಗೆ ಇದು. ಮೇಲೆ ಚರ್ಮದ ಗ್ಲೌಸ್ ಹಾಕಿ. ಆರ್ಕ್‌ನಲ್ಲಿ ಕೈ ಉಳಿಸುವುದು ಅದು. ಪ್ರತಿ ಸಲ ಗಾಳಿ ತುಂಬಿ ಹಿಂಡಿ ನೋಡಿ, 6 ತಿಂಗಳಿಗೊಮ್ಮೆ ಲ್ಯಾಬ್ ಪರೀಕ್ಷೆ. ಮ್ಯಾಟ್ ಐಎಸ್ 15652ರದ್ದು: 3.3 ಕೆವಿವರೆಗೆ ಕ್ಲಾಸ್ ಎ, 11ಕ್ಕೆ ಬಿ, 33ಕ್ಕೆ ಸಿ.

ಆರ್ಕ್ ಪ್ರೊಟೆಕ್ಷನ್ ರಿಲೇ ಹಾಕಿಸಿದರೆ ಪ್ರಯೋಜನವೇ?

ತುಂಬಾ. ಅದು ಬೆಳಕನ್ನು ನೋಡಿ ಕೆಲವೇ ಮಿಲಿಸೆಕೆಂಡ್‌ನಲ್ಲಿ ಟ್ರಿಪ್ ಕೊಡುತ್ತದೆ, ಬ್ರೇಕರ್‌ನ 60 ಸೇರಿ ಸುಮಾರು 70. ನಮ್ಮ ಉದಾಹರಣೆಯ 25 ಕ್ಯಾಲೊರಿ ಎರಡಕ್ಕೆ ಇಳಿಯುತ್ತದೆ. ಎರಡು ಎಚ್ಚರಿಕೆ. ಎಲ್‌ಟಿ ಇನ್‌ಕಮರ್ ಕೋಣೆಯ ಸೆನ್ಸರ್ ಎಚ್‌ಟಿ ವಿಸಿಬಿಯನ್ನು ಕಡಿಯುವಂತೆ ವೈರಿಂಗ್ ಇರಬೇಕು. ಎಸಿಬಿಗೆ ಮಾತ್ರ ಕೊಟ್ಟರೆ ವ್ಯರ್ಥ. ಮತ್ತು ಬೆಳಕಿನ ಜೊತೆ ಕರೆಂಟ್ ಏರಿಕೆಯ ಷರತ್ತನ್ನೂ ಸೇರಿಸಿ, ಇಲ್ಲದಿದ್ದರೆ ಪಕ್ಕದಲ್ಲಿ ವೆಲ್ಡಿಂಗ್ ಮಾಡಿದರೂ ಫ್ಯಾಕ್ಟರಿ ಕತ್ತಲಾಗುತ್ತದೆ.

ಲೇಬಲ್ ಯಾವ ಭಾಷೆಯಲ್ಲಿರಬೇಕು?

ಓದುವವನ ಭಾಷೆಯಲ್ಲಿ. ಕನ್ನಡ ಮತ್ತು ಹಿಂದಿ ಎರಡೂ ಇರಲಿ, ಹೊರ ರಾಜ್ಯದ ಹುಡುಗರು ಬೈಕಂಪಾಡಿಯಲ್ಲಿ ಬಹಳ ಇದ್ದಾರೆ. ವೋಲ್ಟೇಜ್, ಕ್ಯಾಲೊರಿ, ಗಡಿಯ ದೂರ, ಬೇಕಾದ ಬಟ್ಟೆ, ಲೆಕ್ಕ ಮಾಡಿದ ದಿನಾಂಕ. ಗಡಿಯನ್ನು ನೆಲದ ಮೇಲೆ ಹಳದಿ ಬಣ್ಣದಲ್ಲಿ ಎಳೆದುಬಿಟ್ಟರೆ ಓದು ಬಾರದವನಿಗೂ ಗೊತ್ತಾಗುತ್ತದೆ.

ಅವಘಡ ಆದರೆ?

ಮೊದಲು ಮೇಲಿನಿಂದ ಆಫ್. ಉರಿಯುವ ಬಟ್ಟೆ ಆರಿಸಿ, ಅಂಟಿದ್ದನ್ನು ಕೀಳಬೇಡಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ, ಮಂಜುಗಡ್ಡೆ ಬೇಡ. ತೆಂಗಿನೆಣ್ಣೆ, ಟೂತ್‌ಪೇಸ್ಟ್, ಶಾಯಿ ಯಾವುದನ್ನೂ ಹಚ್ಚಬೇಡಿ. ಉಸಿರಾಟ ನಿಂತಿದ್ದರೆ ಸಿಪಿಆರ್ ಶುರು ಮಾಡಿ, 108ಕ್ಕೆ ಕರೆ ಮಾಡಿ. ಹೊರಗೆ ಗಾಯ ಸಣ್ಣದಾಗಿ ಕಂಡರೂ ತಾಮ್ರದ ಹೊಗೆ ಶ್ವಾಸಕೋಶಕ್ಕೆ ಹೋಗಿರಬಹುದು, ಕಣ್ಣು, ಕಿವಿಗೆ ಪೆಟ್ಟಾಗಿರಬಹುದು; ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಸುಟ್ಟಗಾಯದ ವಿಭಾಗ ಇರುವ ಆಸ್ಪತ್ರೆ ಯಾವುದು, ದಾರಿ ಯಾವುದು ಎಂಬುದನ್ನು ಇವತ್ತೇ ಕೇಳಿ ಗೋಡೆಗೆ ಬರೆದಿಡಿ.

ಕಾಯ್ದೆಯ 161ನೇ ಸೆಕ್ಷನ್‌ನಂತೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಪ್ರಾಣಹಾನಿಯಾದ ಅವಘಡದ ಸೂಚನೆಗೆ 24 ಗಂಟೆಯ, ಗಾಯವಾದದ್ದೂ ಸೇರಿ ಎಲ್ಲ ಅವಘಡಗಳ ಲಿಖಿತ ವರದಿಗೆ 48 ಗಂಟೆಯ ಗಡುವಿದೆ. ಮೆಸ್ಕಾಂಗೂ ಹೇಳಿ. ಸುಟ್ಟ ಪ್ಯಾನೆಲ್ ತೊಳೆದು, ರಿಲೇಯ ಫ್ಲ್ಯಾಗ್ ರೀಸೆಟ್ ಮಾಡಿ, ಇನ್ನೊಂದು ಫೀಡರ್‌ನಿಂದ ಉತ್ಪಾದನೆ ಶುರು ಮಾಡುವ ಅವಸರ ಬೇಡ. ಜನರನ್ನು ರಕ್ಷಿಸಲು ಬೇಕಾದಷ್ಟನ್ನು ಬಿಟ್ಟು ಉಳಿದುದೆಲ್ಲ ಇದ್ದ ಹಾಗೇ ಇರಲಿ. ರಿಲೇಯ ಈವೆಂಟ್ ರೆಕಾರ್ಡ್ ಇಳಿಸಿಟ್ಟುಕೊಳ್ಳಿ: ಎಷ್ಟು ಕರೆಂಟ್ ಹರಿಯಿತು, ಎಷ್ಟು ಮಿಲಿಸೆಕೆಂಡ್ ಹರಿಯಿತು ಎಂಬುದು ಅದರಲ್ಲಿದೆ.